ಬೇಡದ ಚಿಕಿತ್ಸೆ ಮತ್ತು ರೋಗಿಯ ಸಮ್ಮತಿ: ದಿಲ್ಲಿಯ ಒಂದು ತೀರ್ಪಿನ ಹಿನ್ನೆಲೆ

ವೈದ್ಯಶಾಸ್ತ್ರದ ಚರಿತ್ರೆಯೆಂದರೆ ಹೊಸ ಹೊಸ ಸಾಧನಗಳು ಮನುಷ್ಯನ ಕೈಸೇರಿದುದರ ಕಥೆಯೆಂದು ಬಗೆಯುವುದು ನಮ್ಮಲ್ಲಿ ರೂಢಿ. ಸೂಕ್ಷ್ಮದರ್ಶಕ, ಅರಿವಳಿಕೆ, ಕ್ಷಕಿರಣ, ಪೆನಿಸಿಲಿನ್ ಎಂದು ಈ ಕಥೆ ಸಾಗುತ್ತದೆ. ದೊರೆತ ಸಾಧನವನ್ನು ಎಲ್ಲಿ ಉಪಯೋಗಿಸಬಾರದು ಎಂಬ ವಿವೇಚನೆಗೂ ಒಂದು ಚರಿತ್ರೆಯುಂಟು; ಅದನ್ನು ಬರೆದವರು ಕಡಿಮೆ. ಆ ಚರಿತ್ರೆಯ ಮುಖ್ಯವಾದ ಒಂದು ಅಧ್ಯಾಯವು ನಾವು ನೆಲಸಿರುವ ಈ ದಿಲ್ಲಿ ನಗರದಲ್ಲಿಯೇ ನಡೆಯಿತೆಂಬುದೂ, ಅದಕ್ಕೆ ಸಂಬಂಧಿಸಿದ ತೀರ್ಪನ್ನು ಬರೆದವರು ಕರ್ನಾಟಕದಿಂದ ಬಂದ ನ್ಯಾಯಮೂರ್ತಿಗಳೆಂಬುದೂ ಇಲ್ಲಿಯ ಕನ್ನಡಿಗರಲ್ಲಿ ಅನೇಕರಿಗೆ ತಿಳಿದಂತೆ ಕಾಣುವುದಿಲ್ಲ. ೨೦೦೮ರ ಜನವರಿ ೧೬ರಂದು ಸರ್ವೋಚ್ಚ ನ್ಯಾಯಾಲಯವು ನೀಡಿದ ಆ ತೀರ್ಪನ್ನೂ ಅದರ ಹಿಂದುಮುಂದನ್ನೂ ಸ್ವಲ್ಪ ವಿಸ್ತಾರವಾಗಿ ನೋಡುವುದು ಈ ಲೇಖನದ ಉದ್ದೇಶ.

ವೈದ್ಯನೂ ರೋಗಿಯೂ ಮಾತನಾಡಿಕೊಳ್ಳಬೇಕೆಂಬುದು ಹೊಸ ವಿಚಾರವೇನಲ್ಲ. ಚರಕಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯವು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಒಂದೊಂದು ಪಾದಕ್ಕೂ ನಾಲ್ಕು ನಾಲ್ಕು ಗುಣಗಳು. ರೋಗಿಯಲ್ಲಿರಬೇಕಾದ ಗುಣಗಳೆಂದರೆ ನೆನಪು, ಹೇಳಿದಂತೆ ನಡೆಯುವುದು, ಅಂಜದಿರುವುದು ಮತ್ತು ಜ್ಞಾಪಕತ್ವ, ಎಂದರೆ ತನ್ನ ಬೇನೆಯನ್ನು ತಿಳಿಯಹೇಳುವ ಶಕ್ತಿ. ರೋಗಿಯು ಹೇಳಬೇಕು, ವೈದ್ಯನು ಕೇಳಬೇಕು ಎಂಬಷ್ಟು ಇಲ್ಲಿ ಸ್ಪಷ್ಟವಾಗಿದೆ. ಆದರೆ ರೋಗಿಯು ಕೇಳಬಹುದು, ವೈದ್ಯನು ಉತ್ತರ ಕೊಡಬೇಕು ಎಂಬುದು ಈ ಪಟ್ಟಿಯಲ್ಲಿಲ್ಲ. ನಮ್ಮ ಭಾಷೆಯಲ್ಲಿಯೂ ವೈದ್ಯಗ್ರಂಥಗಳ ಪರಂಪರೆ ದೊಡ್ಡದು. ಹದಿನಾಲ್ಕನೆಯ ಶತಮಾನದ ಮಂಗರಾಜನು ವಿಷಚಿಕಿತ್ಸೆಯನ್ನು ಕುರಿತು ‘ಖಗೇಂದ್ರಮಣಿದರ್ಪಣ’ವನ್ನೇ ಬರೆದನು. ಅಂಥ ಗ್ರಂಥಗಳು ಚಿಕಿತ್ಸೆ ಮಾಡುವವನನ್ನು ಉದ್ದೇಶಿಸಿದವು, ಮಾಡಿಸಿಕೊಳ್ಳುವವನನ್ನಲ್ಲ. ಜನರ ಬಾಯಲ್ಲಿ ಉಳಿದ ಮಾತು ‘ಕೈಗುಣ’. ಒಳ್ಳೆಯ ಕೈಗುಣವುಳ್ಳ ವೈದ್ಯನನ್ನು ಹುಡುಕಿಕೊಂಡು ಹತ್ತು ಮೈಲಿ ನಡೆಯುವ ನಮ್ಮವರು ಆತನ ಮುಂದೆ ಕುಳಿತ ಮೇಲೆ ಪ್ರಶ್ನೆ ಕೇಳುವುದನ್ನು ಅವಿನಯವೆಂದೇ ತಿಳಿದರು.

ಪಾಶ್ಚಾತ್ಯ ದೇಶಗಳಲ್ಲಿಯೂ ಸ್ಥಿತಿಯು ಬಹುಕಾಲ ಇದಕ್ಕಿಂತ ಭಿನ್ನವಾಗಿರಲಿಲ್ಲ. ೧೯೧೪ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯದ ಮುಂದೆ ಒಂದು ಮೊಕದ್ದಮೆ ಬಂದಿತು. ಈಥರ್ ಕೊಟ್ಟು ಪರೀಕ್ಷೆ ಮಾತ್ರ ಮಾಡಲು ಒಪ್ಪಿದ್ದ ಹೆಂಗಸೊಬ್ಬಳ ಹೊಟ್ಟೆಯ ಗಡ್ಡೆಯನ್ನು ಅವಳಿಗೆ ಎಚ್ಚರವಿಲ್ಲದಾಗ ತೆಗೆದುಹಾಕಿದ್ದರು. ತನ್ನ ದೇಹಕ್ಕೆ ಏನಾಗಬೇಕೆಂಬುದನ್ನು ನಿರ್ಧರಿಸುವ ಹಕ್ಕು ಪ್ರಾಪ್ತವಯಸ್ಕರಾದ ಪ್ರತಿಯೊಬ್ಬರಿಗೂ ಉಂಟೆಂದು ನ್ಯಾಯಮೂರ್ತಿ ಕಾರ್ಡೋಜೊ ಆಗ ಬರೆದರು. ಆದರೆ ಆಸ್ಪತ್ರೆಯ ಮೇಲೆ ಹೂಡಿದ ಆ ಮೊಕದ್ದಮೆಯಲ್ಲಿ ಹೆಂಗಸು ಸೋತಳು.

ಸಮ್ಮತಿಯ ಪ್ರಶ್ನೆ ಹೀಗಿರಲಾಗಿ, ಅವಶ್ಯಕತೆಯ ಪ್ರಶ್ನೆಯೂ ಇನ್ನೊಂದು ಕಡೆಯಿಂದ ತಲೆಯೆತ್ತಿತು. ೧೯೩೪ರಲ್ಲಿ ನ್ಯೂಯಾರ್ಕ್ ನಗರದ ಒಂದು ಸಾವಿರ ಶಾಲಾಮಕ್ಕಳನ್ನು ಪರೀಕ್ಷಿಸಲಾಯಿತು. ಅವರಲ್ಲಿ ೬೧೧ ಮಕ್ಕಳ ಗಂಟಲಿನ ಟಾನ್ಸಿಲ್‌ಗಳನ್ನು ಆಗಲೇ ತೆಗೆದಾಗಿತ್ತು. ಉಳಿದ ೩೮೯ ಮಕ್ಕಳನ್ನು ವೈದ್ಯರು ನೋಡಿ ೧೭೪ ಮಂದಿಗೆ ಶಸ್ತ್ರಕ್ರಿಯೆ ಆಗಬೇಕೆಂದರು. ‘ಬೇಡ’ ಎನ್ನಿಸಿಕೊಂಡ ೨೧೫ ಮಕ್ಕಳನ್ನು ಬೇರೆ ವೈದ್ಯರಿಗೆ ತೋರಿಸಿದಾಗ ಅವರಲ್ಲಿ ೯೯ ಮಂದಿಗೆ ಬೇಕೆಂದರು. ಉಳಿದವರನ್ನು ಮತ್ತೊಮ್ಮೆ ಬೇರೆಯವರಿಗೆ ತೋರಿಸಲು ಅವರೂ ಹತ್ತಿರ ಹತ್ತಿರ ಅರ್ಧದಷ್ಟು ಮಕ್ಕಳನ್ನು ಆರಿಸಿದರು. ಕೊನೆಗೆ ಸಾವಿರದಲ್ಲಿ ೬೫ ಮಕ್ಕಳು ಮಾತ್ರ ಟಾನ್ಸಿಲ್ ಉಳಿಸಿಕೊಳ್ಳಲು ಅರ್ಹರಾಗಿ ನಿಂತರು! ವೈದ್ಯರಲ್ಲಿ ಯಾರೂ ವಂಚಕರಾಗಿರಲಿಲ್ಲ. ತಮ್ಮ ಮುಂದೆ ಬಂದ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಶಸ್ತ್ರಕ್ರಿಯೆ ಬೇಕಿರುತ್ತದೆಂಬ ಅಭ್ಯಾಸಬಲವೊಂದೇ ಅವರನ್ನು ನಡೆಸಿತು. ಈ ಸಂಗತಿಯನ್ನು ನೆನಪಿನಲ್ಲಿಡುವುದು ಅವಶ್ಯ. ಏಕೆಂದರೆ ಅತಿಚಿಕಿತ್ಸೆಯ ಮಾತು ಬಂದೊಡನೆ ನಾವು ದುರಾಶೆಯನ್ನು ಮಾತ್ರ ನೆನೆಯುತ್ತೇವೆ. ದುರಾಶೆಯು ಇದೆ, ನಿಜ. ಆದರೆ ಅದಕ್ಕಿಂತ ಹಳೆಯದೂ ವ್ಯಾಪಕವೂ ಆದುದು ಅಭ್ಯಾಸ.

ಇನ್ನು ದಿಲ್ಲಿಗೆ ಬರೋಣ. ೧೯೫೬ರಲ್ಲಿ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆ ಸ್ಥಾಪಿತವಾದಂದಿನಿಂದ ಉತ್ತರ ಭಾರತದ ರೋಗಿಗಳಿಗೆಲ್ಲ ಈ ನಗರವು ಕೊನೆಯ ಆಸರೆಯಾಯಿತು. ೧೯೮೮ರಲ್ಲಿ ಎಸ್ಕಾರ್ಟ್ಸ್ ಹೃದಯ ಸಂಸ್ಥೆ, ೧೯೯೬ರಲ್ಲಿ ಇಂದ್ರಪ್ರಸ್ಥ ಅಪೋಲೋ, ೨೦೦೯ರಲ್ಲಿ ಗುರುಗ್ರಾಮದ ಮೇದಾಂತ, ಹೀಗೆ ದೊಡ್ಡ ಬಂಡವಾಳದ ಖಾಸಗಿ ಆಸ್ಪತ್ರೆಗಳು ಒಂದರ ಹಿಂದೊಂದು ಬಂದವು. ಇವುಗಳಿಂದ ಆದ ಉಪಕಾರವನ್ನು ಅಲ್ಲಗಳೆಯುವುದು ಕೃತಘ್ನತೆ. ಆದರೆ ಕೋಟಿಗಟ್ಟಲೆ ಹಣ ತೊಡಗಿಸಿ ತಂದ ಯಂತ್ರವು ಸುಮ್ಮನೆ ಕುಳಿತಿರಲಾರದೆಂಬುದನ್ನು ಅರಿಯಲು ಅರ್ಥಶಾಸ್ತ್ರದ ಪದವಿ ಬೇಕಾಗಿಲ್ಲ.

೧೯೯೫ರ ಮೇ ೯ರಂದು, ನಲವತ್ತನಾಲ್ಕು ವರ್ಷ ವಯಸ್ಸಿನ ಅವಿವಾಹಿತ ಮಹಿಳೆಯೊಬ್ಬರು ಅತಿಯಾದ ಮುಟ್ಟಿನ ಸ್ರಾವಕ್ಕಾಗಿ ದಿಲ್ಲಿಯ ಖಾಸಗಿ ಚಿಕಿತ್ಸಾಲಯವೊಂದಕ್ಕೆ ಹೋದರು. ಅವರ ಹೆಸರು ನಮ್ಮ ಪ್ರಕೃತ ವಿಷಯಕ್ಕೆ ಬೇಕಾಗಿಲ್ಲ. ಮರುದಿನ ಅರಿವಳಿಕೆ ಕೊಟ್ಟು ಉದರದರ್ಶಕದಿಂದ ಪರೀಕ್ಷೆ ಮಾಡುವುದೆಂದು ನಿಶ್ಚಯವಾಯಿತು. ಅದಕ್ಕೆ ಅವರು ಸಹಿ ಹಾಕಿದರು. ಅವರು ಎಚ್ಚರವಿಲ್ಲದೆ ಮೇಜಿನ ಮೇಲಿರುವಾಗ ಸಹಾಯಕ ವೈದ್ಯೆಯು ಹೊರಗೆ ಬಂದು, ಕಾದು ಕುಳಿತಿದ್ದ ವೃದ್ಧ ತಾಯಿಯಿಂದ ಒಪ್ಪಿಗೆ ಪಡೆದರು. ಗರ್ಭಕೋಶ, ಅಂಡಾಶಯಗಳು, ಗರ್ಭನಾಳಗಳು ಎಲ್ಲವನ್ನೂ ಆಗಲೇ ತೆಗೆದುಹಾಕಲಾಯಿತು. ಎಚ್ಚತ್ತ ಮೇಲೆ ಆ ಮಹಿಳೆಗೆ ಸಂಗತಿ ತಿಳಿಯಿತು. ಅವರು ಇಪ್ಪತ್ತೈದು ಲಕ್ಷ ರೂಪಾಯಿ ಪರಿಹಾರ ಕೇಳಿ ರಾಷ್ಟ್ರೀಯ ಗ್ರಾಹಕ ಆಯೋಗಕ್ಕೆ ಹೋದರು. ೨೦೦೩ರಲ್ಲಿ ಆಯೋಗವು ದೂರನ್ನು ವಜಾ ಮಾಡಿತು. ನ್ಯೂಯಾರ್ಕಿನ ಮೊಕದ್ದಮೆಗೂ ಇದಕ್ಕೂ ಎಂಬತ್ತು ವರ್ಷಗಳ ಅಂತರವಿದ್ದರೂ ಘಟನೆ ಬಹುಮಟ್ಟಿಗೆ ಒಂದೇ ಆಗಿರುವುದನ್ನು ವಾಚಕರು ಗಮನಿಸಿರಬೇಕು.

ಸರ್ವೋಚ್ಚ ನ್ಯಾಯಾಲಯದಲ್ಲಿ ಮೇಲ್ಮನವಿಯನ್ನು ಆಲಿಸಿದ ಪೀಠದಲ್ಲಿ ಬಿ. ಎನ್. ಅಗರವಾಲ್, ಪಿ. ಪಿ. ನಾವಳೇಕರ್ ಮತ್ತು ಆರ್. ವಿ. ರವೀಂದ್ರನ್ ಅವರಿದ್ದರು. ತೀರ್ಪನ್ನು ಬರೆದವರು ರವೀಂದ್ರನ್. ಇವರು ೧೯೯೩ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳಾಗಿ, ಮಧ್ಯಪ್ರದೇಶದ ಮುಖ್ಯ ನ್ಯಾಯಮೂರ್ತಿಗಳಾಗಿದ್ದು, ೨೦೦೫ರಿಂದ ೨೦೧೧ರವರೆಗೆ ದಿಲ್ಲಿಯಲ್ಲಿ ಕಾರ್ಯ ನಿರ್ವಹಿಸಿದವರು.

ತೀರ್ಪಿನ ಕಾನೂನಿನ ಭಾಗವನ್ನು ಹೀಗೆ ಸಂಗ್ರಹಿಸಬಹುದು. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಕೊಟ್ಟ ಒಪ್ಪಿಗೆಯಲ್ಲ. ಒಂದು ಚಿಕಿತ್ಸೆಗೆ ಕೊಟ್ಟುದು ಇನ್ನೊಂದಕ್ಕೆ ಸಲ್ಲದು. ಪ್ರಾಣಾಪಾಯವಿದ್ದು ತಡಮಾಡಲಾಗದಿದ್ದರೆ ಮಾತ್ರ ಇದಕ್ಕೆ ಅಪವಾದ. ಪ್ರಾಪ್ತವಯಸ್ಕಳೂ ಸ್ವಸ್ಥಚಿತ್ತಳೂ ಆದ ಮಗಳು ಸ್ವಲ್ಪ ಹೊತ್ತಿನಲ್ಲಿ ಎಚ್ಚರಗೊಳ್ಳುವವಳಿರುವಾಗ ತಾಯಿಯ ಒಪ್ಪಿಗೆಗೆ ಬೆಲೆಯಿಲ್ಲ. ಒಪ್ಪಿಗೆ ನಿಜವಾದುದೆನ್ನಿಸಬೇಕಾದರೆ ಚಿಕಿತ್ಸೆಯ ಸ್ವರೂಪ, ಉದ್ದೇಶ, ಪ್ರಯೋಜನ, ಪರ್ಯಾಯ ಮಾರ್ಗಗಳು, ಗಣನೀಯ ಅಪಾಯಗಳು, ಬೇಡವೆಂದರೆ ಆಗುವ ಪರಿಣಾಮ, ಇಷ್ಟನ್ನೂ ರೋಗಿಗೆ ತಿಳಿಸಿರಬೇಕು. ವೈದ್ಯರು ರೋಗಿಯ ಹಿತವನ್ನು ಬಯಸಿಯೇ ಸದ್ಭಾವನೆಯಿಂದ ಮಾಡಿದರೆಂದು ನ್ಯಾಯಾಲಯವು ಒಪ್ಪಿತು. ಆದರೂ ಸಮ್ಮತಿಯನ್ನು ಮೀರಿದ ತಪ್ಪಿಗಾಗಿ ಶಸ್ತ್ರಕ್ರಿಯೆಯ ಶುಲ್ಕವನ್ನು ಪೂರ್ಣವಾಗಿ ನಿರಾಕರಿಸಿ, ಇಪ್ಪತ್ತೈದು ಸಾವಿರ ರೂಪಾಯಿ ಪರಿಹಾರ ಕೊಡಿಸಿತು. ಹದಿಮೂರು ವರ್ಷಗಳ ಹೋರಾಟಕ್ಕೆ ಇದು ಅಲ್ಪವೆಂದು ತೋರುವುದು ಸಹಜ.

ಸಾಮಾನ್ಯವಾಗಿ ಈ ತೀರ್ಪನ್ನು ಉದಾಹರಿಸುವವರು ಇಲ್ಲಿಗೆ ನಿಲ್ಲಿಸುತ್ತಾರೆ. ನಮಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುವುದು, ಅಷ್ಟಾಗಿ ಯಾರೂ ಎತ್ತಿ ಹೇಳದ ಇನ್ನೊಂದು ವಿಚಾರ. ದೂರದ, ಕೇವಲ ತಾತ್ತ್ವಿಕವಾದ ಅಪಾಯಗಳನ್ನೆಲ್ಲ ಹೇಳಿ ರೋಗಿಯನ್ನು ಹೆದರಿಸಿ, ಆತನು ಅವಶ್ಯಕವಾದ ಚಿಕಿತ್ಸೆಯನ್ನೇ ನಿರಾಕರಿಸುವಂತೆ ಮಾಡಬೇಕಾಗಿಲ್ಲವೆಂದು ತೀರ್ಪು ಹೇಳುತ್ತದೆ. ಇದನ್ನು ವೈದ್ಯರು ಸಂತೋಷದಿಂದ ಓದುತ್ತಾರೆ. ಆದರೆ ಮರುವಾಕ್ಯದಲ್ಲಿಯೇ ಇದರ ಮಗ್ಗುಲು ಬದಲಾಗುತ್ತದೆ: ಚಿಕಿತ್ಸೆಯನ್ನು ಬೇಡವೆನ್ನುವುದರಲ್ಲಿರುವ ದೂರದ ಅಪಾಯಗಳನ್ನು ಹೇಳಿ, ರೋಗಿಯು ಅನವಶ್ಯಕವಾದುದಕ್ಕೆ ಒಪ್ಪುವಂತೆ ಮಾಡಬೇಕಾಗಿಯೂ ಇಲ್ಲ. ಭಯವು ಎರಡು ಕಡೆಗೂ ಕೆಲಸ ಮಾಡುತ್ತದೆಂಬುದನ್ನು ಇಷ್ಟು ಸರಳವಾಗಿ ನ್ಯಾಯಪೀಠದಿಂದ ಹೇಳಿದ್ದು ವಿರಳ.

ಖಾಸಗಿ ಆಸ್ಪತ್ರೆಗಳು ದುಬಾರಿಯಾದ ಪರೀಕ್ಷೆಗಳನ್ನೂ ಬೇಡದ ಶಸ್ತ್ರಕ್ರಿಯೆಗಳನ್ನೂ ಲಾಭಕ್ಕಾಗಿ ಹೇರುತ್ತವೆಂಬ ಭಾವನೆ ಮಧ್ಯಮ ವರ್ಗದಲ್ಲಿ ಹರಡಿರುವುದನ್ನು ತೀರ್ಪು ಸ್ಪಷ್ಟವಾಗಿ ಗುರುತಿಸಿತು. ಸರಕಾರಿ ವೈದ್ಯರೆಲ್ಲ ಸೇವಾಮೂರ್ತಿಗಳಲ್ಲ, ಖಾಸಗಿಯವರೆಲ್ಲ ವ್ಯಾಪಾರಿಗಳೂ ಅಲ್ಲ ಎಂದು ಕೂಡಲೇ ತೂಕವನ್ನು ಸರಿಪಡಿಸಿತು. ರೋಗಿಗೆ ಎಷ್ಟು ತಿಳಿಸಬೇಕೆಂಬುದಕ್ಕೆ ಎರಡು ಅಳತೆಗೋಲುಗಳಿದ್ದವು. ಅಮೆರಿಕದ ೧೯೭೨ರ ಕ್ಯಾಂಟರ್ಬರಿ ತೀರ್ಪಿನಂತೆ ವಿವೇಕಿಯಾದ ರೋಗಿಯು ತಿಳಿಯಬಯಸುವಷ್ಟು. ಇಂಗ್ಲೆಂಡಿನ ೧೯೫೭ರ ಬೋಲಮ್ ಮತ್ತು ೧೯೮೫ರ ಸಿಡವೇ ತೀರ್ಪುಗಳಂತೆ ಜವಾಬ್ದಾರಿಯುತ ವೈದ್ಯವೃಂದವು ತಿಳಿಸುವಷ್ಟು. ಬಡತನ, ಅನಕ್ಷರತೆಗಳ ನಮ್ಮ ವಾಸ್ತವ ಸ್ಥಿತಿಯನ್ನು ಕಂಡು ನ್ಯಾಯಾಲಯವು ಎರಡನೆಯದನ್ನೇ ಆರಿಸಿತು. ಆಸ್ಪತ್ರೆಗಳು ಹೆಚ್ಚು ಹೆಚ್ಚು ವ್ಯಾಪಾರಪರವಾಗಿ, ಜನರಲ್ಲಿ ಹಕ್ಕಿನ ಅರಿವು ಬೆಳೆದರೆ ಮೊದಲನೆಯದರ ಕಡೆಗೆ ಹೋಗಬೇಕಾದ ದಿನ ಬಂದೀತೆಂದೂ ಸೂಚಿಸಿತು. ಆ ಬಳಿಕ ನಡೆದುದು ವಿಚಿತ್ರ. ೨೦೧೫ರಲ್ಲಿ ಮಾಂಟ್ಗೊಮರಿ ಮೊಕದ್ದಮೆಯಲ್ಲಿ ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯವು ಸಿಡವೇ ತೀರ್ಪಿನ ಅಳತೆಯನ್ನು ತಾನೇ ಕೈಬಿಟ್ಟಿತು. ನಾವು ಎರವಲು ತಂದ ಕೋಲನ್ನು ಅದರ ಒಡೆಯರೇ ಅಟ್ಟಕ್ಕೆ ಹಾಕಿದರು.

ಆ ಮಹಿಳೆಯ ಶಸ್ತ್ರಕ್ರಿಯೆ ನಡೆದ ೧೯೯೫ರಲ್ಲಿಯೇ, ನವೆಂಬರಿನಲ್ಲಿ, ವೈದ್ಯಸೇವೆಯು ೧೯೮೬ರ ಗ್ರಾಹಕ ಸಂರಕ್ಷಣಾ ಕಾಯಿದೆಯ ವ್ಯಾಪ್ತಿಗೆ ಬರುತ್ತದೆಂದು ಸರ್ವೋಚ್ಚ ನ್ಯಾಯಾಲಯವು ಇನ್ನೊಂದು ಮೊಕದ್ದಮೆಯಲ್ಲಿ ನಿರ್ಣಯಿಸಿತ್ತು. ರೋಗಿಗೆ ಇದರಿಂದ ಬಲ ಬಂದಿತು. ಆದರೆ ಏನನ್ನಾದರೂ ಬಿಟ್ಟೆನೆಂದು ನಾಳೆ ಯಾರಾದರೂ ದೂರಿಯಾರೆಂಬ ಅಂಜಿಕೆಯಿಂದ ಒಂದಕ್ಕೆ ನಾಲ್ಕು ಪರೀಕ್ಷೆ ಬರೆಯುವ ಆತ್ಮರಕ್ಷಣೆಯ ವೈದ್ಯವೂ ಇಂಥ ಕಾನೂನಿನ ನೆರಳಿನಲ್ಲಿ ಬೆಳೆಯುತ್ತದೆ. ೨೦೦೨ರ ಭಾರತೀಯ ವೈದ್ಯ ಪರಿಷತ್ತಿನ ನಡತೆಯ ನಿಯಮಗಳು ರೋಗಿಯನ್ನು ಕಳುಹಿಸಿಕೊಟ್ಟುದಕ್ಕೆ ಕಮಿಷನ್ ಪಡೆಯುವುದನ್ನು ನಿಷೇಧಿಸಿದವು. ಶಸ್ತ್ರಕ್ರಿಯೆಗೆ ಲಿಖಿತ ಒಪ್ಪಿಗೆಯನ್ನೂ ವಿಧಿಸಿದವು; ಆದರೆ ಯಾರ ಒಪ್ಪಿಗೆಯೆಂದು ಹೇಳುವಾಗ ಗಂಡ ಅಥವಾ ಹೆಂಡತಿಯನ್ನು ಮೊದಲು ಹೆಸರಿಸಿ, ರೋಗಿಯನ್ನು ಕೊನೆಗೆ ಇಟ್ಟವು. ಈ ಪದಕ್ರಮವು ಕೇವಲ ಆಕಸ್ಮಿಕವೆಂದು ನಂಬುವುದು ಕಷ್ಟ.

ನ್ಯಾಯಾಲಯದ ಹೊರಗೆ, ವೈದ್ಯರೇ ತಮ್ಮ ಅಭ್ಯಾಸವನ್ನು ತಿದ್ದಿಕೊಳ್ಳಲು ತೊಡಗಿದುದು ಇತ್ತೀಚಿನ ಸಂಗತಿ. ಪ್ರತಿಯೊಂದು ವೈದ್ಯವಿಭಾಗವೂ ತನ್ನಲ್ಲಿ ಅನವಶ್ಯಕವಾಗಿ ನಡೆಯುವ ಐದು ಕೆಲಸಗಳ ಪಟ್ಟಿಯನ್ನು ತಾನೇ ಮಾಡಬೇಕೆಂದು ಹೊವರ್ಡ್ ಬ್ರೋಡಿ ಎಂಬ ಅಮೆರಿಕದ ವೈದ್ಯನು ೨೦೧೦ರಲ್ಲಿ ಬರೆದನು. ೨೦೧೨ರ ಏಪ್ರಿಲಿನಲ್ಲಿ ಒಂಬತ್ತು ವೈದ್ಯಸಂಘಗಳು ಸೇರಿ ನಲವತ್ತೈದು ಅಂಶಗಳನ್ನು ಪ್ರಕಟಿಸಿದವು. ‘ಚೂಸಿಂಗ್ ವೈಸ್ಲಿ’, ಎಂದರೆ ವಿವೇಕದ ಆಯ್ಕೆ ಎಂದು ಆಂದೋಲನಕ್ಕೆ ಹೆಸರು. ೨೦೧೪ರಲ್ಲಿ ಅದು ಕೆನಡಾಕ್ಕೆ ಹೋಯಿತು. ರೋಗಿಗಾಗಿ ಅವರು ರೂಪಿಸಿದ ಪ್ರಶ್ನೆಗಳು ಐದು: ಇದು ನನಗೆ ನಿಜವಾಗಿಯೂ ಬೇಕೆ? ಇದರಿಂದ ಆಗಬಹುದಾದ ತೊಂದರೆಗಳೇನು? ಇದಕ್ಕಿಂತ ಸರಳವಾದ ದಾರಿಯುಂಟೆ? ಏನೂ ಮಾಡದಿದ್ದರೆ ಏನಾದೀತು? ಖರ್ಚೆಷ್ಟು? ರವೀಂದ್ರನ್ ಅವರು ವೈದ್ಯನು ತಾನಾಗಿ ತಿಳಿಸಬೇಕೆಂದು ೨೦೦೮ರಲ್ಲಿ ಎಣಿಸಿದ ಅಂಶಗಳನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ, ಖರ್ಚೊಂದನ್ನು ಬಿಟ್ಟು ಉಳಿದೆಲ್ಲವೂ ಅಲ್ಲಿ ಇವೆ.

ದಿಲ್ಲಿಯಲ್ಲಿ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ಹೃದ್ರೋಗತಜ್ಞ ಬಲರಾಮ ಭಾರ್ಗವರೂ ಅವರ ಸಹೋದ್ಯೋಗಿಗಳೂ ೨೦೧೪ರ ಸುಮಾರಿಗೆ ಕಡಿಮೆ ಪರೀಕ್ಷೆಗಳ ವೈದ್ಯಕ್ಕಾಗಿ ಒಂದು ಸಂಘವನ್ನು ಕಟ್ಟಿದರು. ಸಮಿರನ್ ನಂದಿಯಂಥ ಹಿರಿಯ ಶಸ್ತ್ರವೈದ್ಯರು ಅದೇ ವರ್ಷಗಳಲ್ಲಿ ಕಮಿಷನ್ ಪದ್ಧತಿಯನ್ನು ಬಹಿರಂಗವಾಗಿ ಖಂಡಿಸಿ ಬರೆದರು. ೨೦೧೯ರಲ್ಲಿ ರಾಷ್ಟ್ರೀಯ ಕ್ಯಾನ್ಸರ್ ಜಾಲವು ಭಾರತಕ್ಕೆ ತಕ್ಕ ಹತ್ತು ಅಂಶಗಳ ಪಟ್ಟಿಯನ್ನು ಹೊರತಂದಿತು. ಇಂಥ ಪಟ್ಟಿಗಳಿಂದ ಆಚರಣೆ ಎಷ್ಟು ಬದಲಾಗುತ್ತದೆ ಎಂಬುದು ಬೇರೆ ಮಾತು. ಅಮೆರಿಕದ ಪ್ರತಿಷ್ಠಾನವು ೨೦೨೩ರಲ್ಲಿ ತನ್ನ ಆಂದೋಲನವನ್ನು ಮುಕ್ತಾಯಗೊಳಿಸಿತು.

ಸರಕಾರವು ಹಿಡಿದ ದಾರಿ ಬೆಲೆಯ ನಿಯಂತ್ರಣ. ವಕೀಲ ಬೀರೇಂದ್ರ ಸಾಂಗ್ವಾನ್ ದಿಲ್ಲಿ ಉಚ್ಚ ನ್ಯಾಯಾಲಯದಲ್ಲಿ ನಡೆಸಿದ ಹೋರಾಟದ ಫಲವಾಗಿ ೨೦೧೭ರ ಫೆಬ್ರವರಿಯಲ್ಲಿ ಹೃದಯದ ಸ್ಟೆಂಟಿಗೆ ಮಿತಿ ಬಿದ್ದಿತು: ಬರಿಯ ಲೋಹದ್ದಕ್ಕೆ ೭,೨೬೦ ರೂಪಾಯಿ, ಔಷಧಲೇಪಿತವಾದುದಕ್ಕೆ ೨೯,೬೦೦ ರೂಪಾಯಿ. ಮರುವರ್ಷ ಬೆಲೆ ಪ್ರಾಧಿಕಾರವು ದಿಲ್ಲಿ ಸುತ್ತಿನ ನಾಲ್ಕು ಆಸ್ಪತ್ರೆಗಳ ಬಿಲ್ಲುಗಳನ್ನು ಪರಿಶೀಲಿಸಿ, ಕೆಲವು ಸಾಮಗ್ರಿಗಳ ಮೇಲಿನ ಲಾಭವು ಶೇಕಡ ೧,೭೩೭ರವರೆಗೂ ಇದ್ದುದನ್ನು ತೋರಿಸಿತು. ಇವೆಲ್ಲ ಸ್ತುತ್ಯವೇ. ಆದರೆ ಅಗ್ಗವಾದ ಮಾತ್ರಕ್ಕೆ ಸ್ಟೆಂಟು ಅವಶ್ಯಕವಾಗುವುದಿಲ್ಲ. ೨೦೦೭ರಲ್ಲಿ ಪ್ರಕಟವಾದ ‘ಕರೇಜ್’ ಎಂಬ ಪ್ರಯೋಗವು ೨,೨೮೭ ರೋಗಿಗಳನ್ನು ಅನುಸರಿಸಿ, ಸ್ಥಿರವಾದ ಎದೆನೋವಿನವರಲ್ಲಿ ಒಳ್ಳೆಯ ಔಷಧೋಪಚಾರದೊಂದಿಗೆ ಸ್ಟೆಂಟನ್ನೂ ಸೇರಿಸಿದುದರಿಂದ ಮರಣವಾಗಲಿ ಹೃದಯಾಘಾತವಾಗಲಿ ಕಡಿಮೆಯಾಗಲಿಲ್ಲವೆಂದು ಕಂಡುಕೊಂಡಿತು. ಹೃದಯಾಘಾತವಾಗುತ್ತಿರುವಾಗ ಅದೇ ಸ್ಟೆಂಟು ಪ್ರಾಣವನ್ನುಳಿಸುತ್ತದೆಂಬುದನ್ನೂ ಇಲ್ಲಿ ಮರೆಯಬಾರದು. ಎರಡು ಸಂದರ್ಭಗಳನ್ನು ಒಂದೇ ಎಂದು ಹೇಳುವವರಿಂದ ರೋಗಿಗೆ ಉಪಕಾರವಿಲ್ಲ.

ತಪ್ಪೆಲ್ಲ ವೈದ್ಯರ ಕಡೆಯದೇ? ಸೂಜಿ ಹಾಕದೆ ಕಳುಹಿಸಿದ ಡಾಕ್ಟರನ್ನು ನಮ್ಮ ಊರುಗಳಲ್ಲಿ ಯಾರು ಮೆಚ್ಚಿದ್ದಾರೆ? ಓದಿದವರು ನೆಲಸಿದ ದಿಲ್ಲಿಯಲ್ಲಿ ಇದೇ ಮನೋಧರ್ಮವು ಡೆಂಗ್ಯೂ ಕಾಲದಲ್ಲಿ ಕಾಣಿಸಿಕೊಳ್ಳುತ್ತದೆ. ೧೯೯೬ರಲ್ಲಿ ಈ ನಗರದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನರನ್ನು ಹಿಡಿದು ೪೨೩ ಮಂದಿಯನ್ನು ಬಲಿ ತೆಗೆದುಕೊಂಡ ಆ ಜ್ವರದ ನೆನಪಿನಿಂದ, ರಕ್ತದ ಪ್ಲೇಟ್‌ಲೆಟ್ ಸಂಖ್ಯೆ ಒಂದು ಲಕ್ಷಕ್ಕೆ ಇಳಿದೊಡನೆ ಮನೆಯವರು ಪ್ಲೇಟ್‌ಲೆಟ್ ಏರಿಸಿರೆಂದು ಒತ್ತಾಯಿಸತೊಡಗುತ್ತಾರೆ. ರಕ್ತಸ್ರಾವವಿಲ್ಲದಿದ್ದರೆ ಹತ್ತು ಸಾವಿರಕ್ಕಿಂತ ಕೆಳಗಿಳಿಯುವವರೆಗೆ ಅದು ಬೇಡವೆಂದು ರಾಷ್ಟ್ರೀಯ ಮಾರ್ಗಸೂಚಿಯೇ ಹೇಳುತ್ತದೆ. ‘ಬೇಡ’ ಎಂದ ವೈದ್ಯನನ್ನು ಬಿಟ್ಟು ‘ಆಗಲಿ’ ಎಂದವನ ಬಳಿಗೆ ಓಡುವವರು ನಾವೇ.

ಆದರೆ ಈ ಆಕ್ಷೇಪವು ಸಲ್ಲದ ಜನರೂ ಇದ್ದಾರೆ. ೨೦೧೫ರಲ್ಲಿ ಕಲಬುರಗಿ ಜಿಲ್ಲೆಯ ಲಂಬಾಣಿ ತಾಂಡಾಗಳ ನೂರಾರು ಮಹಿಳೆಯರ ಗರ್ಭಕೋಶಗಳನ್ನು ಖಾಸಗಿ ಆಸ್ಪತ್ರೆಗಳಲ್ಲಿ ಅನವಶ್ಯಕವಾಗಿ ತೆಗೆಯಲಾಗಿದೆಯೆಂಬ ಸಂಗತಿ ಹೊರಬಿದ್ದಿತು. ಹೊಟ್ಟೆನೋವು, ಸೊಂಟನೋವು, ಬಿಳಿಸೆರಗು ಎಂದು ಹೋದವರು ಅವರು. ತೆಗೆಸದಿದ್ದರೆ ಕ್ಯಾನ್ಸರ್ ಆದೀತೆಂದು ಹೆದರಿಸಿದರೆಂಬುದು ಅವರಲ್ಲಿ ಅನೇಕರ ಹೇಳಿಕೆ. ಏಳು ವರ್ಷಗಳ ಹಿಂದೆ ದಿಲ್ಲಿಯ ತೀರ್ಪು ಬೇಡವೆಂದ ದೂರದ ಭಯ ಇದೇ ಅಲ್ಲವೆ? ಅಲ್ಲಿ ಒಪ್ಪಿಗೆಯ ಪತ್ರವಿರಲಿಲ್ಲವೆಂದು ತಿಳಿಯಬೇಡಿ. ಇಂಥ ಕಡೆ ಹೆಬ್ಬೆಟ್ಟಿನ ಗುರುತು ಸಿಕ್ಕುವುದು ಕಷ್ಟವಲ್ಲ. ಬಿಹಾರ, ಛತ್ತೀಸಗಢ, ರಾಜಸ್ಥಾನಗಳಲ್ಲಿಯೂ ಇಂಥವೇ ನಡೆದಿದ್ದು, ವೈದ್ಯ ನರೇಂದ್ರ ಗುಪ್ತರು ೨೦೧೩ರಲ್ಲಿ ಹೂಡಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಮೇಲೆ ೨೦೨೩ರ ಏಪ್ರಿಲ್ ೫ರಂದು ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಅನವಶ್ಯಕ ಗರ್ಭಕೋಶ ಶಸ್ತ್ರಕ್ರಿಯೆಯನ್ನು ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂಬುದು ಅದರ ಆದೇಶ. ೨೦೧೫-೧೬ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಇಂಥ ಶಸ್ತ್ರಕ್ರಿಯೆಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ನಡೆದದ್ದು ಖಾಸಗಿ ಆಸ್ಪತ್ರೆಗಳಲ್ಲಿ.

ಕನ್ನಡದಲ್ಲಿ ರೋಗಿಯನ್ನು ಉದ್ದೇಶಿಸಿ ಬರೆಯುವ ಕೆಲಸ ನಡೆದೇ ಇಲ್ಲವೆಂದಲ್ಲ. ಸ್ವತಃ ವೈದ್ಯೆಯಾಗಿದ್ದ ಅನುಪಮಾ ನಿರಂಜನ ಅವರು ‘ತಾಯಿ-ಮಗು’, ‘ದಾಂಪತ್ಯ ದೀಪಿಕೆ’ ಮೊದಲಾದ ಪುಸ್ತಕಗಳಲ್ಲಿ ಹೆಂಗಸರು ತಮ್ಮ ದೇಹದ ವಿಷಯವನ್ನು ಸಂಕೋಚವಿಲ್ಲದೆ ಹೇಳಿಕೊಳ್ಳಲು ಬೇಕಾದ ಮಾತುಗಳನ್ನು ಒದಗಿಸಿದರು. ರೋಗಿಗೆ ಚರಕನು ವಿಧಿಸಿದ ಜ್ಞಾಪಕತ್ವವು ನಮ್ಮ ಕಾಲದಲ್ಲಿ ಕೈಗೆಟುಕಿದುದು ಇಂಥ ಬರವಣಿಗೆಯಿಂದ. ವೈದ್ಯರನ್ನು ಪ್ರಶ್ನಿಸುವ ಭಾಷೆ ಅದರ ಮುಂದಿನ ಮಜಲು.

ದಿಲ್ಲಿಯ ಕನ್ನಡಿಗರಿಗೆ ಈ ಪ್ರಶ್ನೆಯು ಇನ್ನೊಂದು ರೂಪದಲ್ಲಿ ಬರುತ್ತದೆ. ಮಕ್ಕಳ ಉದ್ಯೋಗದ ನಿಮಿತ್ತ ಇಳಿವಯಸ್ಸಿನಲ್ಲಿ ಮಂಡ್ಯದಿಂದಲೋ ಧಾರವಾಡದಿಂದಲೋ ಇಲ್ಲಿಗೆ ಬಂದ ತಾಯಿತಂದೆಗಳು ಹಿಂದಿಯಲ್ಲಿ ತರಕಾರಿ ಕೊಳ್ಳುವಷ್ಟು ಕಲಿಯುತ್ತಾರೆ; ಎದೆಯೊಳಗಿನ ಉರಿ, ಚಳಕು, ಸೆಳೆತಗಳ ಭೇದವನ್ನು ಹೇಳುವಷ್ಟು ಕಲಿಯಲಾರರು. ವೈದ್ಯರ ಮುಂದೆ ಮಾತೆಲ್ಲ ಮಗನದು ಅಥವಾ ಸೊಸೆಯದು. ಸಮ್ಮತಿಪತ್ರವು ಇಂಗ್ಲಿಷಿನಲ್ಲಿ ಅಥವಾ ಹಿಂದಿಯಲ್ಲಿರುತ್ತದೆ. ಪತ್ರವನ್ನು ಓದುವವನು ಮಗ. ‘ಅಮ್ಮಾ, ಇಲ್ಲೊಂದು ಸಹಿ ಹಾಕು’ ಎಂಬುದಷ್ಟೇ ಅನುವಾದ. ಮಗಳ ಪರವಾಗಿ ತಾಯಿ ಕೊಟ್ಟ ಒಪ್ಪಿಗೆ ಸಲ್ಲದೆಂದು ನ್ಯಾಯಾಲಯವು ಹೇಳಿದ ಊರಿನಲ್ಲಿ, ತಾಯಿಯ ಪರವಾಗಿ ಮಕ್ಕಳು ದಿನನಿತ್ಯವೂ ಒಪ್ಪುತ್ತಿದ್ದಾರೆ. ಹಣ ಕೊಡುವವನಿಗೆ ಬೇಡವೆನ್ನುವುದು ಇನ್ನೂ ಕಷ್ಟ. ‘ಖರ್ಚಿಗೆ ಹೆದರಿ ತಾಯಿಯನ್ನು ನೋಡಲಿಲ್ಲ’ ಎಂಬ ಬಂಧುಗಳ ಮಾತಿಗೆ ಅಂಜಿಯೇ ಎಷ್ಟೋ ಪರೀಕ್ಷೆಗಳು ನಡೆಯುತ್ತವೆ. ೨೦೧೮ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನದು ಎರಡನೆಯ ವೈದ್ಯರ ಅಭಿಪ್ರಾಯ ಪಡೆಯುವುದನ್ನೂ, ಪರೀಕ್ಷೆಯನ್ನು ಎಲ್ಲಿ ಮಾಡಿಸಬೇಕೆಂದು ತಾನೇ ಆರಿಸುವುದನ್ನೂ ಹಕ್ಕುಗಳೆಂದು ಸ್ಪಷ್ಟವಾಗಿ ಹೇಳಿತು. ಅದನ್ನು ಮನೆಯಲ್ಲಿ ವೃದ್ಧರಿಗೆ ಓದಿ ಹೇಳಿದವರೆಷ್ಟು ಮಂದಿಯೋ ತಿಳಿಯದು.

ಈ ನಗರದ ಆಸ್ಪತ್ರೆಗಳಲ್ಲಿ ಕನ್ನಡ ಬಲ್ಲ ವೈದ್ಯರೂ ದಾದಿಯರೂ ಇದ್ದಾರೆ. ಮೇಲೆ ಹೇಳಿದ ಐದು ಪ್ರಶ್ನೆಗಳನ್ನೂ, ೨೦೦೮ರ ತೀರ್ಪು ಎಣಿಸಿದ ಆರು ಅಂಶಗಳನ್ನೂ, ಸಮ್ಮತಿಪತ್ರಗಳಲ್ಲಿ ಸಾಮಾನ್ಯವಾಗಿ ಬರುವ ಐವತ್ತು ಅರವತ್ತು ಪದಗಳ ಅರ್ಥವನ್ನೂ ಆಡುಗನ್ನಡದಲ್ಲಿ ಬರೆದು, ದಪ್ಪಕ್ಷರದಲ್ಲಿ ನಾಲ್ಕು ಪುಟಗಳಾಗಿ ಅಚ್ಚು ಹಾಕಿಸುವುದು ಅವರ ಸಹಾಯದಿಂದ ಒಂದು ಚಳಿಗಾಲದಲ್ಲಿ ಮುಗಿಯುವ ಕೆಲಸ. ‘ಇದು ನನಗೆ ಬೇಕೇ ಬೇಕಾ ಡಾಕ್ಟರೇ, ಸ್ವಲ್ಪ ದಿನ ಕಾದು ನೋಡಬಹುದಾ?’ ಎಂಬ ವಾಕ್ಯದ ಹಿಂದಿ ಮತ್ತು ಇಂಗ್ಲಿಷ್ ರೂಪಗಳನ್ನು ಕನ್ನಡ ಲಿಪಿಯಲ್ಲಿ ಅದರ ಮೊದಲ ಪುಟದಲ್ಲಿಯೇ ಹಾಕಬಹುದು.